ಹಂಗಿಲ್ಲದ ಸಂಗೀತಗಾರ ಎಂಬ ಕಲ್ಪನೆ

ಬ್ಲೂಸ್ ಹಾಡುವವರು, ಜಾಝ್ ನುಡಿಸುವವರು, ಎಲೆಕ್ಟ್ರಾನಿಕ್ ಯಂತ್ರಗಳ ಮುಂದೆ ಕೂತು ಸಂಗೀತ ಕಟ್ಟುವವರು, ಈ ಮೂರು ಬಗೆಯ ಕಲಾವಿದರ ವ್ಯಕ್ತಿಚಿತ್ರಗಳನ್ನು ಒಂದರ ಹಿಂದೊಂದು ಓದುತ್ತ ಹೋದರೆ ಊರು ಬದಲಾಗುತ್ತದೆ, ಕಾಲ ಬದಲಾಗುತ್ತದೆ, ವಾದ್ಯ ಬದಲಾಗುತ್ತದೆ. ಕಥೆ ಮಾತ್ರ ಬದಲಾಗುವುದಿಲ್ಲ. ಒಬ್ಬ ಪ್ರತಿಭಾವಂತ, ಅವನನ್ನು ಅರ್ಥಮಾಡಿಕೊಳ್ಳದ ಕಂಪನಿ, ರಾಜಿಗೆ ಒಲ್ಲೆನೆಂದು ಹೊರಬಿದ್ದ ದಿನ, ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಮಾಡಿದ ಸಂಗೀತ, ಕೊನೆಗೆ ತಡವಾಗಿ ಬಂದ ಮನ್ನಣೆ. ಕನ್ನಡದಲ್ಲಿ ಇದರ ಸಾರವನ್ನು ಮೂರೇ ಪದಗಳಲ್ಲಿ ಹೇಳಿಬಿಡುತ್ತಾರೆ: ಯಾರ ಹಂಗೂ ಇಲ್ಲದವನು. ಈ ಕಥೆಯನ್ನು ನಾನೂ ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಕಲಾವಿದನನ್ನು ಹೊಗಳಲು ಹುಟ್ಟಿದ ಈ ಕಥೆ ಅವನ ಹಿತಕ್ಕೇ ಅಡ್ಡ ಬರುತ್ತಿದೆ ಎನ್ನಿಸುವುದರಿಂದ ಇದನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಅದು ಬರಿಯ ಭಾವುಕತೆಯಿಂದ ಹುಟ್ಟಿದ್ದಲ್ಲ. 1920ರಲ್ಲಿ ಮೇಮಿ ಸ್ಮಿತ್ ಓಕೆ ಕಂಪನಿಗಾಗಿ ಹಾಡಿದ 'ಕ್ರೇಝಿ ಬ್ಲೂಸ್' ಭರ್ಜರಿಯಾಗಿ ಮಾರಾಟವಾದ ಮೇಲೆ ಅಮೆರಿಕದ ಕಂಪನಿಗಳು ಕಪ್ಪು ಜನರ ಹಾಡುಗಳನ್ನು 'ರೇಸ್ ರೆಕಾರ್ಡ್ಸ್' ಎಂಬ ಬೇರೆ ಪಟ್ಟಿಯಲ್ಲಿ ಮಾರತೊಡಗಿದವು. ಹಾಡಿದವರಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಹಾಡಿಗಿಷ್ಟು ಎಂದು ಒಮ್ಮೆ ಕೈಗಿಟ್ಟ ಹಣ. ತಟ್ಟೆ ಎಷ್ಟು ಸಾವಿರ ಮಾರಿದರೂ ಅದರ ಲೆಕ್ಕ ಅವರವರೆಗೆ ಬರುತ್ತಿರಲಿಲ್ಲ. ರಚನೆಯ ಹಕ್ಕಿನ ಕಾಗದದಲ್ಲಿ ಬೇರೆಯವರ ಹೆಸರು ಸೇರಿಕೊಳ್ಳುತ್ತಿದ್ದದ್ದೂ ಉಂಟು. ಶಿಕಾಗೊದ ವಿಲ್ಲಿ ಡಿಕ್ಸನ್ ಬರೆದು 1962ರಲ್ಲಿ ಮಡ್ಡಿ ವಾಟರ್ಸ್ ಹಾಡಿದ ರಚನೆಯೊಂದರ ಸಾಲುಗಳು 1969ರಲ್ಲಿ ಲೆಡ್ ಝೆಪ್ಪೆಲಿನ್ ತಂಡದ ಜಗತ್ಪ್ರಸಿದ್ಧ ಹಾಡಿನೊಳಗೆ ಕಾಣಿಸಿಕೊಂಡವು. ಡಿಕ್ಸನ್ 1985ರಲ್ಲಿ ಮೊಕದ್ದಮೆ ಹೂಡಬೇಕಾಯಿತು, ಎರಡು ವರ್ಷದ ಬಳಿಕ ರಾಜಿಯಾಯಿತು. ಇಂಥ ಚರಿತ್ರೆಯಿರುವ ಕಡೆ 'ಕಂಪನಿಯ ಸಹವಾಸವೇ ಬೇಡ' ಎಂದವನನ್ನು ಜನ ಮೆಚ್ಚಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆ ಮೆಚ್ಚುಗೆಯ ಹಿಂದೆ ನಿಜವಾದ ಅನ್ಯಾಯದ ನೆನಪಿದೆ.

ತೊಡಕು ಇರುವುದು 'ಸ್ವತಂತ್ರ' ಎಂಬ ಪದದಲ್ಲಿ. ಈ ಒಂದು ಪದದೊಳಗೆ ಮೂರು ಬೇರೆ ಬೇರೆ ಹೇಳಿಕೆಗಳು ಸೇರಿಕೊಂಡಿವೆ. ಈ ಕಲಾವಿದ ಒಂಟಿಯಾಗಿ ಬೆಳೆದವನು ಎಂಬುದು ಒಂದು. ವ್ಯಾಪಾರದಿಂದ ದೂರವಿದ್ದದ್ದರಿಂದ ಇವನ ಸಂಗೀತ ಹೆಚ್ಚು ನಿಷ್ಠೆಯದು ಎಂಬುದು ಇನ್ನೊಂದು. ತನ್ನ ಕೆಲಸದ ಒಡೆತನ ಇವನದೇ ಎಂಬುದು ಮೂರನೆಯದು. ಒಂದು ನಿಜವಾದರೆ ಉಳಿದೆರಡೂ ನಿಜ ಎಂದು ನಾವು ಯೋಚಿಸದೆ ಒಪ್ಪಿಕೊಳ್ಳುತ್ತೇವೆ. ನನ್ನ ವಾದ ಇಷ್ಟು: ಮೊದಲನೆಯದು ಬಹುಮಟ್ಟಿಗೆ ಸುಳ್ಳು, ಎರಡನೆಯದಕ್ಕೆ ಆಧಾರವಿಲ್ಲ, ಮೂರನೆಯದು ಮಾತ್ರ ಮುಖ್ಯ; ಮತ್ತು ಆ ಮೂರನೆಯದು ಕೈಗೂಡಬೇಕಾದರೆ ಮೊದಲನೆಯದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಬೇಕು.

ಒಂಟಿತನದ ಕಥೆಗೆ ಮೂಲಪುರುಷ ರಾಬರ್ಟ್ ಜಾನ್ಸನ್. ನಡುರಾತ್ರಿ ಕೂಡುರಸ್ತೆಯಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತವನು ಎಂಬ ಐತಿಹ್ಯ ಅವರಿಗೆ ಅಂಟಿಕೊಂಡಿದೆ. ದಾಖಲೆಗಳು ಹೇಳುವುದು ಬೇರೆ. 1936ರ ನವೆಂಬರಿನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಹೋಟೆಲೊಂದರಲ್ಲಿ, ಮರುವರ್ಷ ಡಲ್ಲಾಸ್‌ನಲ್ಲಿ, ಅಮೆರಿಕನ್ ರೆಕಾರ್ಡ್ ಕಾರ್ಪೊರೇಷನ್ ಎಂಬ ಕಂಪನಿ ಅವರ 29 ಹಾಡುಗಳನ್ನು ಮುದ್ರಿಸಿಕೊಂಡಿತು. ಅವರನ್ನು ಕಂಪನಿಯ ಗಮನಕ್ಕೆ ತಂದವರು ಮಿಸಿಸಿಪ್ಪಿಯ ಜ್ಯಾಕ್ಸನ್ ಪಟ್ಟಣದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಎಚ್. ಸಿ. ಸ್ಪಿಯರ್. ಇನ್ನು ಹಾಡುಗಳ ವಿಷಯ. ಜಾನ್ಸನ್ ಅವರ '32-20 ಬ್ಲೂಸ್' ಹುಟ್ಟಿದ್ದು ಸ್ಕಿಪ್ ಜೇಮ್ಸ್ ಅವರ '22-20 ಬ್ಲೂಸ್'ನಿಂದ. ಹೆಸರೇ ನಂಟನ್ನು ಹೇಳುತ್ತದೆ. ಜೇಮ್ಸ್ ಅದನ್ನು ಪಿಯಾನೊ ಮೇಲೆ ನುಡಿಸಿದ್ದರು, ಜಾನ್ಸನ್ ಗಿಟಾರಿಗೆ ಹೊಂದಿಸಿಕೊಂಡರು. ಹಾಗೆ ಹೊಂದಿಸಿಕೊಳ್ಳಲು ಬೇಕಾದ ಕಿವಿ ಮತ್ತು ಬೆರಳು ಅಸಾಮಾನ್ಯ, ಸಂದೇಹವಿಲ್ಲ. ಆದರೆ ಅದು ಕಿವಿ ತೆರೆದುಕೊಂಡು ಸುತ್ತಲಿನ ಎಲ್ಲವನ್ನೂ ಕೇಳಿದವನ ಸಾಮರ್ಥ್ಯ. ಜೇಮ್ಸ್ ಅವರ ಆ ಹಾಡನ್ನು ಹೊರತಂದ ಪ್ಯಾರಾಮೌಂಟ್ ಲೇಬಲ್ಲಿನ ಹಿನ್ನೆಲೆಯನ್ನೂ ನೋಡಬೇಕು. ಅದರ ಒಡೆತನ ವಿಸ್ಕಾನ್ಸಿನ್ ಚೇರ್ ಕಂಪನಿಯದು, ಅಂದರೆ ಕುರ್ಚಿ ಮಾಡುವ ಕಾರ್ಖಾನೆಯದು. ಗ್ರಾಮಫೋನಿನ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದ ಆ ಕಾರ್ಖಾನೆ, ಪೆಟ್ಟಿಗೆ ಕೊಂಡವರಿಗೆ ಹಾಕಿ ಕೇಳಲು ತಟ್ಟೆಗಳೂ ಬೇಕೆಂದು ಈ ವ್ಯವಹಾರಕ್ಕೆ ಇಳಿದಿತ್ತು. ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಅವರ ಎದೆ ನಡುಗಿಸುವ ದನಿಗಳು ಇವತ್ತು ನಮಗೆ ಕೇಳಿಸುತ್ತಿರುವುದಕ್ಕೆ ಆ ಪೀಠೋಪಕರಣದ ಲೆಕ್ಕಾಚಾರವೂ ಒಂದು ಕಾರಣ. ಇದರಿಂದ ಆ ಹಾಡುಗಳ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು, ವ್ಯಾಪಾರ ಸೋಂಕಿದ ಕಡೆ ಸಂಗೀತ ಸಾಯುತ್ತದೆ ಎಂಬ ಮಾತಿನ ತೂಕ.

ಎರಡನೆಯ ಹೇಳಿಕೆಯನ್ನು ಎರಡೂ ಕಡೆಯಿಂದ ಪರೀಕ್ಷಿಸಬಹುದು. ದೊಡ್ಡ ಕಂಪನಿಯೊಳಗೆ ನಿಷ್ಠೆಯ ಸಂಗೀತ ಹುಟ್ಟಿದೆಯೇ? ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' 1959ರಲ್ಲಿ ಬಂದದ್ದು ಕೊಲಂಬಿಯಾದಿಂದ. ನಮ್ಮ ದೇಶದ್ದೇ ಉದಾಹರಣೆ ಬೇಕಿದ್ದರೆ ಚರಣ್‌ಜಿತ್ ಸಿಂಗ್ ಇದ್ದಾರೆ. ಹಿಂದಿ ಚಿತ್ರರಂಗದ ಸ್ಟುಡಿಯೊಗಳಲ್ಲಿ ವಾದಕರಾಗಿ ದುಡಿದ ಅವರು 1982ರಲ್ಲಿ ರೋಲೆಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂಡಿಸಿದರು. ಹೊರತಂದದ್ದು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ಅಂದರೆ ನಮ್ಮ ಮನೆಗಳಲ್ಲಿ ಎಚ್‌ಎಂವಿ ಎಂದು ಕರೆಯುತ್ತಿದ್ದ, ದೇಶದ ಅತಿ ದೊಡ್ಡ ಸಂಗೀತ ಕಂಪನಿ. ಆಗ ಯಾರೂ ಅದನ್ನು ವಿಶೇಷವಾಗಿ ಗಮನಿಸಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ, ಶಿಕಾಗೊದ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತ ಹುಟ್ಟುವುದಕ್ಕೆ ಐದು ವರ್ಷ ಮೊದಲೇ ಅದನ್ನು ಹೋಲುವ ಸಂಗೀತ ಮುಂಬಯಿಯಲ್ಲಿ ಆಗಿಹೋಗಿತ್ತೆಂದು ಲೋಕ ಬೆರಗಾಯಿತು. ಇನ್ನು ಆ ಕಡೆಯಿಂದ ಕೇಳೋಣ: ಚಿಕ್ಕ, ಸ್ವತಂತ್ರ ಎನ್ನಿಸಿಕೊಂಡ ಸಂಸ್ಥೆಗಳು ಕಲಾವಿದನಿಗೆ ನ್ಯಾಯ ಮಾಡಿವೆಯೇ? ಚೆಸ್ ರೆಕಾರ್ಡ್ಸ್ ಸ್ವತಂತ್ರ ಲೇಬಲ್ಲಾಗಿತ್ತು. ಆದರೂ ಅದಕ್ಕೆ ಸೇರಿದ ಪ್ರಕಾಶನ ಸಂಸ್ಥೆಯ ಮೇಲೆ ರಾಯಲ್ಟಿಗಾಗಿ ಮಡ್ಡಿ ವಾಟರ್ಸ್ ಮತ್ತು ವಿಲ್ಲಿ ಡಿಕ್ಸನ್ 1970ರ ದಶಕದಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಲೇಬಲ್ ಸ್ವತಂತ್ರವಾಗಿದ್ದರೆ ಅದರ ಮಾಲೀಕ ಸ್ವತಂತ್ರ, ಅಷ್ಟೆ. ಹಾಡಿದವನು ಸ್ವತಂತ್ರನೋ ಅಲ್ಲವೋ ಎಂಬುದು ಬೇರೆಯದೇ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಕರಾರುಪತ್ರದಲ್ಲಿದೆ.

ಹಾಗಾದರೆ ಒಡೆತನವನ್ನು ನಿಜಕ್ಕೂ ಕೈಗೆ ತಂದುಕೊಂಡವರು ಏನು ಮಾಡಿದರು? ಇಲ್ಲಿ ಜಾಝ್ ಲೋಕದ ಚರಿತ್ರೆ ತುಂಬ ಕಲಿಸುತ್ತದೆ. ಚಾರ್ಲ್ಸ್ ಮಿಂಗಸ್ ಮತ್ತು ಮ್ಯಾಕ್ಸ್ ರೋಚ್ 1952ರಲ್ಲಿ ಡೆಬ್ಯೂ ಎಂಬ ಸ್ವಂತ ಲೇಬಲ್ ತೆರೆದರು. ಅದರ ದಿನನಿತ್ಯದ ಕೆಲಸ ಸಾಗಿಸಿದವರಲ್ಲಿ ಮುಖ್ಯರು ಮಿಂಗಸ್ ಅವರ ಪತ್ನಿ ಸೀಲಿಯಾ. 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಮಿಂಗಸ್ ಮತ್ತು ರೋಚ್ ಇಬ್ಬರೂ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ, ಬಡ್ ಪೊವೆಲ್ ಜೊತೆ ನುಡಿಸಿದ ಕಛೇರಿಯನ್ನು ಅದೇ ಲೇಬಲ್ ಹೊರತಂದಿತು. ಆ ತಟ್ಟೆಯ ಹೊದಿಕೆಯ ಮೇಲೆ ಪಾರ್ಕರ್ ಹೆಸರಿಲ್ಲ. 'ಚಾರ್ಲಿ ಚಾನ್' ಎಂದಿದೆ. ಪಾರ್ಕರ್ ಬೇರೊಂದು ಕಂಪನಿಯ ಕರಾರಿನಲ್ಲಿದ್ದದ್ದೇ ಕಾರಣ. ಸಂಗೀತಗಾರರೇ ಒಡೆಯರಾಗಿದ್ದ ತಟ್ಟೆಯ ಮೇಲೆ ಆ ಕಾಲದ ಅತಿ ದೊಡ್ಡ ಸ್ಯಾಕ್ಸಫೋನ್ ವಾದಕನ ಹೆಸರನ್ನು ಅಚ್ಚು ಹಾಕಲಾಗಲಿಲ್ಲ. ಒಬ್ಬಿಬ್ಬರು ಹೊರಬಂದ ಮಾತ್ರಕ್ಕೆ ಸಾಲದು, ಜೊತೆಗೆ ನುಡಿಸುವವರ ಕರಾರುಗಳೂ ನಮ್ಮ ದಾರಿಗೆ ಅಡ್ಡ ನಿಲ್ಲುತ್ತವೆ ಎಂಬುದನ್ನು ಆ ಒಂದು ಸುಳ್ಳು ಹೆಸರು ಎಷ್ಟು ಸ್ಪಷ್ಟವಾಗಿ ಹೇಳುತ್ತದೆ!

ಸನ್ ರಾ ಅವರ ಉದಾಹರಣೆ ಇನ್ನೂ ಗಟ್ಟಿಯದು. ತಾನು ಶನಿಗ್ರಹದಿಂದ ಬಂದವನೆಂದು ಹೇಳಿಕೊಳ್ಳುತ್ತಿದ್ದ ಈ ಪಿಯಾನೊ ವಾದಕರನ್ನು ಒಂಟಿ ವಿಲಕ್ಷಣ ಪ್ರತಿಭೆ ಎಂದು ಚಿತ್ರಿಸುವುದು ಸುಲಭ. ಆದರೆ 1950ರ ದಶಕದ ಶಿಕಾಗೊದಲ್ಲಿ ಅವರ ಸ್ಯಾಟರ್ನ್ ಲೇಬಲ್ ನಿಂತದ್ದು ಆಲ್ಟನ್ ಏಬ್ರಹಾಂ ಎಂಬ ಗೆಳೆಯನ ವ್ಯವಹಾರಜ್ಞಾನದ ಮೇಲೆ. ತಟ್ಟೆಗಳು ಸಣ್ಣ ಸಣ್ಣ ಕಂತುಗಳಲ್ಲಿ ಅಚ್ಚಾಗುತ್ತಿದ್ದವು. ಎಷ್ಟೋ ಹೊದಿಕೆಗಳಿಗೆ ವಾದ್ಯಗಾರರೇ ಕೈಯಾರೆ ಬಣ್ಣ ಬಳಿದು ಚಿತ್ರ ಬರೆಯುತ್ತಿದ್ದರು, ಕಛೇರಿ ಮುಗಿದ ಮೇಲೆ ತಾವೇ ಮಾರುತ್ತಿದ್ದರು. ಅವರ ತಂಡ ಆರ್ಕೆಸ್ಟ್ರಾ ಒಂದೇ ಸೂರಿನಡಿ ಬಾಳಿತು. 1968ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರಿಗೆ ನೆಲೆ ಕೊಟ್ಟ ಮನೆ ತಂಡದ ಸ್ಯಾಕ್ಸಫೋನ್ ವಾದಕ ಮಾರ್ಷಲ್ ಆ್ಯಲನ್ ಅವರ ತಂದೆಯದು. ಎಣಿಸಿ ನೋಡಿ: ಲೆಕ್ಕ ನೋಡಿದ ಗೆಳೆಯ, ಮನೆ ಕೊಟ್ಟ ತಂದೆ, ಬಣ್ಣ ಬಳಿದ ವಾದ್ಯಗಾರರು. ಇವರೆಲ್ಲರನ್ನೂ ತೆಗೆದುಹಾಕಿದರೆ 'ಯಾರ ಹಂಗೂ ಇಲ್ಲದ' ಸನ್ ರಾ ಅವರ ಒಂದು ತಟ್ಟೆಯೂ ಉಳಿಯುವುದಿಲ್ಲ. ಅದೇ ಶಿಕಾಗೊದಲ್ಲಿ 1965ರಲ್ಲಿ ಮುಹಾಲ್ ರಿಚರ್ಡ್ ಏಬ್ರಮ್ಸ್ ಮತ್ತು ಸಂಗಡಿಗರು ಎಎಸಿಎಂ ಎಂಬ ಸಂಘ ಕಟ್ಟಿದರು. ಅದರ ಕಛೇರಿಗಳಲ್ಲಿ ಸದಸ್ಯರು ಸ್ವಂತ ರಚನೆಗಳನ್ನೇ ನುಡಿಸಬೇಕು ಎಂಬುದು ನಿಯಮ. ಸಂಘ ಎಂದರೆ ಎಲ್ಲರೂ ಒಂದೇ ಅಚ್ಚಿಗೆ ಇಳಿಯುವುದು ಎಂದು ಭಾವಿಸುವವರು ಈ ನಿಯಮದ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಬೇಕು. ಇಲ್ಲಿ ಸ್ವಂತಿಕೆಯನ್ನು ಬೇಡಿದ್ದೇ ಸಂಘ. ರಾಸ್ಕೊ ಮಿಚೆಲ್, ಆ್ಯಂಥನಿ ಬ್ರ್ಯಾಕ್ಸ್‌ಟನ್, ಮುಂದೆ 2016ರಲ್ಲಿ ಪುಲಿಟ್ಝರ್ ಪಡೆದ ಹೆನ್ರಿ ಥ್ರೆಡ್‌ಗಿಲ್, ಒಬ್ಬರ ಸಂಗೀತದಂತೆ ಇನ್ನೊಬ್ಬರದಿಲ್ಲ. ಮೂವರೂ ಅದೇ ಸಂಘದಲ್ಲಿ ಪಳಗಿದವರು.

ಎಲೆಕ್ಟ್ರಾನಿಕ್ ಸಂಗೀತಕ್ಕೆ ಬಂದರೆ ಒಂಟಿತನದ ವಾದ ಇನ್ನೂ ಬಲವಾಗಿ ಕಾಣುತ್ತದೆ. ಒಂದು ಕೋಣೆ, ಒಂದು ಯಂತ್ರ, ಒಬ್ಬ ಮನುಷ್ಯ, ಪಕ್ಕವಾದ್ಯದವರೂ ಬೇಡ. ರೋಲೆಂಡ್ ಟಿಬಿ-303 ಎಂಬ ಯಂತ್ರವನ್ನು 1980ರ ದಶಕದ ಆರಂಭದಲ್ಲಿ ಮಾಡಿದ ಉದ್ದೇಶವೂ ಅದೇ ಆಗಿತ್ತು: ಒಬ್ಬನೇ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಗಿಟಾರಿನ ಜೊತೆ ಒದಗಿಸುವುದು, ನಮ್ಮಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇರುವ ಹಾಗೆ. ಅದು ಬೇಸ್ ಗಿಟಾರಿನ ಹಾಗೆ ಕೇಳಿಸಲೇ ಇಲ್ಲ. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು, ಯಂತ್ರಗಳು ಹಳೇ ಸಾಮಾನಿನ ಅಂಗಡಿಗಳಿಗೆ ಅಗ್ಗದ ಬೆಲೆಗೆ ಬಂದವು. ಶಿಕಾಗೊದ ಫ್ಯೂಚರ್ ಎಂಬ ತಂಡದ ಹುಡುಗರು ಅದು ನುಡಿಯುತ್ತಿರುವಾಗಲೇ ಅದರ ಗುಂಡಿಗಳನ್ನು ತಿರುವಿದರು. ದನಿ ಹಿಸುಕಿದಂತೆ, ಚೀರಿದಂತೆ, ನೀರೊಳಗಿಂದ ಮೇಲೆದ್ದಂತೆ ಬದಲಾಗುತ್ತ ಹೋಯಿತು. ಅದು ಕೋಣೆಯಲ್ಲೇ ಉಳಿದಿದ್ದರೆ ಆಟವಾಗಿ ಮುಗಿಯುತ್ತಿತ್ತು. ರಾನ್ ಹಾರ್ಡಿ ಎಂಬ ಡಿಜೆ ಆ ಸಂಗೀತದ ಟೇಪನ್ನು ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನಲ್ಲಿ ಹಾಕಿದರು. ಅಲ್ಲಿ ಕುಣಿಯುತ್ತಿದ್ದ ಜನರ ಬಾಯಲ್ಲೇ ಅದಕ್ಕೆ 'ಆ್ಯಸಿಡ್' ಎಂಬ ಹೆಸರು ಹುಟ್ಟಿತು. 1987ರಲ್ಲಿ ಟ್ರ್ಯಾಕ್ಸ್ ಲೇಬಲ್ಲಿನಿಂದ ಅದು ತಟ್ಟೆಯಾಗಿ ಬಂತು. ಡೆಟ್ರಾಯಿಟ್‌ನಲ್ಲೂ ಇದೇ. ವಾನ್ ಆಟ್ಕಿನ್ಸ್ 1985ರಲ್ಲಿ ಮೆಟ್ರೊಪ್ಲೆಕ್ಸ್ ಲೇಬಲ್ ತೆರೆದರು, ಶಾಲಾ ಗೆಳೆಯರಾದ ಡೆರಿಕ್ ಮೇ ಮತ್ತು ಕೆವಿನ್ ಸಾಂಡರ್ಸನ್ ತಮ್ಮ ತಮ್ಮ ಲೇಬಲ್‌ಗಳನ್ನು ತೆರೆದರು. ಮೂವರ ಕಿವಿಯನ್ನೂ ಹದ ಮಾಡಿದ್ದು ಇಲೆಕ್ಟ್ರಿಫೈಯಿಂಗ್ ಮೋಜೊ ಎಂಬ ರೇಡಿಯೊ ನಿರೂಪಕರ ರಾತ್ರಿ ಕಾರ್ಯಕ್ರಮ. ಆ ಊರಿನ ಟೆಕ್ನೊ ತಟ್ಟೆಗಳಿಗೆ ಗೀರು ಕೊರೆಯುತ್ತಿದ್ದವರು ರಾನ್ ಮರ್ಫಿ. ಗೀರು ಮುಗಿದ ಮೇಲೆ ಲೇಬಲ್ಲಿನ ಪಕ್ಕ ಉಳಿಯುವ ಖಾಲಿ ಪಟ್ಟಿಯಲ್ಲಿ ಕಲಾವಿದರ ಪುಟ್ಟ ಸಂದೇಶಗಳನ್ನೂ ಕೊರೆದುಕೊಡುತ್ತಿದ್ದರು. ಅಚ್ಚು ಹಾಕುತ್ತಿದ್ದದ್ದು ಆರ್ಚರ್ ಎಂಬ ಸ್ಥಳೀಯ ಕಾರ್ಖಾನೆ. ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡದವರು ಮುಖ ಮುಚ್ಚಿಕೊಂಡು, ವ್ಯಕ್ತಿಯ ಹೆಸರಿಗಿಂತ ತಂಡದ ಹೆಸರು ಮುಂದಿರಲಿ ಎಂದು ನಡೆದುಕೊಂಡರು. ವಿತರಣೆಗೂ ಊರಿನಲ್ಲೇ ಸ್ವಂತ ಏರ್ಪಾಡು ಮಾಡಿಕೊಂಡರು. ಮುಖವೇ ಕಾಣದ ಈ ಜನರನ್ನು ಒಂಟಿ ನಾಯಕರ ಕಥೆಗೆ ಹೊಂದಿಸುವುದು ಹೇಗೆ?

ಇಲ್ಲಿ ಒಂದು ಗಂಭೀರ ಆಕ್ಷೇಪ ಬರಬಹುದು. ತಟ್ಟೆ, ಅಚ್ಚು, ಮಾರಾಟ ಎಲ್ಲ ಹೊರಗಿನ ವ್ಯವಹಾರ. ಸೃಷ್ಟಿಯ ಗಳಿಗೆಯಲ್ಲಿ ಕಲಾವಿದ ಒಂಟಿಯೇ ಅಲ್ಲವೇ? ಇದನ್ನು ಅರ್ಧ ಒಪ್ಪುತ್ತೇನೆ. ಸಾಧನೆಗೆ ಏಕಾಂತ ಬೇಕು, ಅದನ್ನು ಯಾರೂ ಯಾರ ಪರವಾಗಿ ಮಾಡಲಾಗದು. ಜಾಝ್‌ನಲ್ಲಿ ಇದಕ್ಕೆ ದೊಡ್ಡ ಸಾಕ್ಷಿ ಸನ್ನಿ ರಾಲಿನ್ಸ್. ಕೀರ್ತಿ ಏರುತ್ತಿದ್ದಾಗಲೇ, 1959ರಲ್ಲಿ, ಅವರು ವೇದಿಕೆ ಬಿಟ್ಟು ಎರಡು ವರ್ಷ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ಗಂಟೆಗಟ್ಟಲೆ ಸ್ಯಾಕ್ಸಫೋನ್ ಸಾಧನೆ ಮಾಡಿದರು. ಕೆಳಗೆ ನದಿ, ಪಕ್ಕದಲ್ಲಿ ರೈಲಿನ ಸದ್ದು, ನಡುವೆ ಒಬ್ಬ ಮನುಷ್ಯ. ಆದರೆ ಅವರು ಸೇತುವೆಗೆ ಹೋದದ್ದೇಕೆ? ಅಪಾರ್ಟ್‌ಮೆಂಟಿನಲ್ಲಿ ನುಡಿಸಿದರೆ ನೆರೆಹೊರೆಯವರಿಗೆ, ಅದರಲ್ಲೂ ಗರ್ಭಿಣಿಯೊಬ್ಬರಿಗೆ, ತೊಂದರೆಯಾಗುತ್ತದೆ ಎಂದು. ಹಿಂತಿರುಗಿದ ಮೇಲೆ 1962ರಲ್ಲಿ ಬಂದ 'ದ ಬ್ರಿಡ್ಜ್' ಹೊರತಂದದ್ದು ಆರ್‌ಸಿಎ ವಿಕ್ಟರ್ ಎಂಬ ದೈತ್ಯ ಕಂಪನಿ. ಸ್ವಂತ ಲೇಬಲ್ ಡಾಕ್ಸಿಯಿಂದ ಅವರ ಮೊದಲ ಆಲ್ಬಂ ಬಂದದ್ದು 2006ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ. ಅಂದರೆ ಏಕಾಂತ ಇದ್ದಾಗ ಒಡೆತನ ಇರಲಿಲ್ಲ, ಒಡೆತನ ಬಂದಾಗ ಸೇತುವೆ ಎಂದೋ ಹಿಂದೆ ಉಳಿದಿತ್ತು. ಏಕಾಂತ ಮತ್ತು ಸ್ವಾತಂತ್ರ್ಯ ಎರಡು ಬೇರೆ ವಸ್ತುಗಳು. ನಮ್ಮವರೇ ಆದ ಕದ್ರಿ ಗೋಪಾಲನಾಥ್ ಅವರ ವಿಷಯದಲ್ಲೂ ಇದೇ ಗೊಂದಲ ಕಾಣುತ್ತದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕಂಡು ಮರುಳಾದ ಹುಡುಗ ಅದನ್ನು ಕರ್ನಾಟಕ ಸಂಗೀತಕ್ಕೆ ಒಬ್ಬನೇ ಪಳಗಿಸಿದ ಎಂಬಂತೆ ಬರೆಯುತ್ತಾರೆ. ಪಳಗಿಸಿದ್ದು ನಿಜ. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಪಾಠ ಹೇಳಿದ್ದೂ ಅಷ್ಟೇ ನಿಜ. 2008ರಲ್ಲಿ ಇಂಡಿಯನ್ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ಗೋಪಾಲನಾಥ್ ನುಡಿಸಿದ ಆಲ್ಬಮ್ಮಿಗೆ ಇಟ್ಟ ಹೆಸರು 'ಕಿನ್ಸ್‌ಮೆನ್', ಅಂದರೆ ಬಂಧುಗಳು.

ಎರಡನೆಯ ಆಕ್ಷೇಪ ಇವತ್ತಿನದು. ಈಗ ಲ್ಯಾಪ್‌ಟಾಪಿನಲ್ಲೇ ಸ್ಟುಡಿಯೊ ಇದೆ, ಅಂತರ್ಜಾಲದಲ್ಲೇ ಅಂಗಡಿ ಇದೆ. ಅಚ್ಚಿನ ಕಾರ್ಖಾನೆಯೂ ಬೇಡ, ಗೆಳೆಯನ ಮನೆಯೂ ಬೇಡ. ಹಳೆಯ ಕಾಲಕ್ಕೆ ಸುಳ್ಳಾಗಿದ್ದ ಒಂಟಿ ಸ್ವಾತಂತ್ರ್ಯ ಈಗ ನಿಜವಾಗಿದೆಯಲ್ಲ? ಇಲ್ಲ ಎಂದೇ ನನ್ನ ಉತ್ತರ. ಹಂಗು ಹೋಗಿಲ್ಲ, ಕಣ್ಣಿಗೆ ಕಾಣದಾಗಿದೆ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಲ್ಪಡದ ಹಾಡಿನ ಧ್ವನಿಮುದ್ರಣಕ್ಕೆ ರಾಯಲ್ಟಿ ಲೆಕ್ಕ ಹಾಕುವುದನ್ನೇ ನಿಲ್ಲಿಸಿತು. ಸ್ವತಂತ್ರ ಕಲಾವಿದರ ನೆಚ್ಚಿನ ತಾಣವಾದ ಬ್ಯಾಂಡ್‌ಕ್ಯಾಂಪ್ 2022ರಲ್ಲಿ ಎಪಿಕ್ ಗೇಮ್ಸ್ ಕೈಗೆ, ಮರುವರ್ಷವೇ ಸಾಂಗ್‌ಟ್ರೇಡರ್ ಕೈಗೆ ಹೋಯಿತು. ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ಆ ತಾಣ ಸಂಗೀತಗಾರರಿಗೆ ಇತರ ಕಡೆಗಿಂತ ಎಷ್ಟೋ ಹೆಚ್ಚಿನ ಪಾಲು ಕೊಡುತ್ತ ಬಂದಿದೆ, ಅದನ್ನು ಮರೆಯಬಾರದು. ಆದರೆ ಅದು ಕೈ ಬದಲಾಗುವಾಗ ಅಲ್ಲಿ ಹಾಡು ಇಟ್ಟಿದ್ದ ಒಬ್ಬರನ್ನಾದರೂ ಯಾರೂ ಕೇಳಲಿಲ್ಲ. ಹಳೆಯ ಕಂಪನಿಯೊಂದಿಗೆ ಜಗಳವಾಡಲು ಎದುರಿಗೊಂದು ಮುಖವಾದರೂ ಇತ್ತು. ಕೋಣೆಯಲ್ಲಿ ಒಂಟಿಯಾಗಿ ಕೂತವನಿಗೆ ಈಗ ಅದೂ ಇಲ್ಲ, ಪಕ್ಕದಲ್ಲಿ ನಿಲ್ಲುವ ಸಂಘವೂ ಇಲ್ಲ. 'ನೀನು ಯಾರ ಹಂಗಿನಲ್ಲೂ ಇಲ್ಲ' ಎಂದು ಅವನನ್ನು ನಂಬಿಸಿದ ವ್ಯಕ್ತಿಚಿತ್ರ ಇಲ್ಲಿ ಅವನಿಗೆ ಕೆಡುಕನ್ನೇ ಮಾಡುತ್ತದೆ ಎನ್ನುವುದು ಇದಕ್ಕೇ.

ಇಷ್ಟೆಲ್ಲ ಆದ ಮೇಲೆ 'ಸ್ವತಂತ್ರ' ಎಂಬ ಪದವನ್ನೇ ಬಿಟ್ಟುಬಿಡಬೇಕೇ? ಬೇಡ. ಅದಕ್ಕೆ ಖಚಿತ ಅರ್ಥ ಕೊಡಬೇಕು. ಒಬ್ಬ ಸಂಗೀತಗಾರನ ಬಗ್ಗೆ ಬರೆಯಹೊರಟವರು ಅವನ ಬಾಲ್ಯದ ಬಡತನ, ಮೊದಲ ಗಿಟಾರು ಇವುಗಳ ಜೊತೆಗೆ ಈ ಮೂರನ್ನೂ ವಿಚಾರಿಸಲಿ:

1. ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಯಾರ ಹೆಸರಿನಲ್ಲಿದೆ? ರಚನೆಯ ಹಕ್ಕು ಯಾರದು? ಇವೆರಡೂ ಬೇರೆ ಬೇರೆ ಎಂಬುದನ್ನು ಅರಿಯದೆ ಸಹಿ ಹಾಕಿ ಕಳೆದುಕೊಂಡವರು ಎಷ್ಟೋ ಜನ. ನಮ್ಮಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರರ ಮತ್ತು ಸಂಗೀತ ಸಂಯೋಜಕರ ರಾಯಲ್ಟಿಯ ಹಕ್ಕನ್ನು ನಿರ್ಮಾಪಕರು ಬರೆಸಿಕೊಳ್ಳದಂತೆ ಕಾದಿದೆ. ಮಾಸ್ಟರಿನ ಒಡೆತನ ಇವತ್ತಿಗೂ ಕರಾರಿನ ಮಾತೇ.

2. ಬಿಟ್ಟು ಹೊರಡುವ ದಿನ ಬಂದರೆ ಏನನ್ನು ಜೊತೆಗೆ ಒಯ್ಯಬಹುದು? ಗಾಯಕಿ ಬೆಟ್ಟಿ ಕಾರ್ಟರ್ ಬೆಟ್-ಕಾರ್ ಎಂಬ ಸ್ವಂತ ಲೇಬಲ್ ಕಟ್ಟಿ ವರ್ಷಗಟ್ಟಲೆ ತಾವೇ ನಡೆಸಿದರು. 1980ರ ದಶಕದ ಕೊನೆಗೆ ವರ್ವ್ ಎಂಬ ದೊಡ್ಡ ಲೇಬಲ್ ಸೇರಿದಾಗ ಹಳೆಯ ಬೆಟ್-ಕಾರ್ ಆಲ್ಬಮ್‌ಗಳೂ ಅಲ್ಲಿಂದ ಮರುಮುದ್ರಣಗೊಂಡವು. ಒಂಟಿ ನಾಯಕಿಯ ಕಥೆಯ ಪ್ರಕಾರ ಇದು ಸೋಲು, ರಾಜಿ. ನನಗೆ ಇದು ಸ್ವಾತಂತ್ರ್ಯದ ಅತಿ ಸ್ಪಷ್ಟ ರೂಪವಾಗಿ ಕಾಣುತ್ತದೆ: ಕೈಯಲ್ಲಿ ಸ್ವಂತದ್ದು ಇಟ್ಟುಕೊಂಡು ದೊಡ್ಡವರ ಬಾಗಿಲಿಗೆ ಹೋದವರು ಬೇಡಲು ಹೋದವರಲ್ಲ.

3. ಜೊತೆಗೆ ಯಾರಿದ್ದಾರೆ? ಲೆಕ್ಕ ಬರೆದವರು, ಗೀರು ಕೊರೆದವರು, ಮನೆ ಬಿಟ್ಟುಕೊಟ್ಟವರು. ಅವರ ಹೆಸರು ಬರಲಿ.

ಶಿಕಾಗೊದ ಲ್ಯಾರಿ ಹರ್ಡ್ ಒಬ್ಬರೇ ಕೂತು ಯಂತ್ರಗಳಲ್ಲಿ ಕಟ್ಟಿದ 'ಕ್ಯಾನ್ ಯೂ ಫೀಲ್ ಇಟ್' 1986ರಲ್ಲಿ ಟ್ರ್ಯಾಕ್ಸ್ ಲೇಬಲ್ಲಿನಿಂದ ಬಂದು ಹೌಸ್ ಸಂಗೀತದ ಬುನಾದಿಯ ಕೃತಿಗಳಲ್ಲಿ ಒಂದಾಯಿತು. ಅವರ ಬಗೆಗಿನ ಬರಹಗಳಲ್ಲಿ ಆ ಏಕಾಂತದ ಕೋಣೆ ತಪ್ಪದೆ ಬರುತ್ತದೆ. ಹಾಡುಗಾರ ಗೆಳೆಯ ರಾಬರ್ಟ್ ಓವೆನ್ಸ್ ಜೊತೆ ಸೇರಿ 2020ರಲ್ಲಿ ಅವರು ಟ್ರ್ಯಾಕ್ಸ್ ಮೇಲೆ ಮೊಕದ್ದಮೆ ಹೂಡಿದರು. ಎರಡು ವರ್ಷಕ್ಕೆ ರಾಜಿಯಾಗಿ ಅವರ ಕೃತಿಗಳ ಹಕ್ಕು ಅವರಿಗೆ ಮರಳಿತು. ಕೋಣೆಯಲ್ಲಿ ಒಬ್ಬರೇ ಮಾಡಿದ ಸಂಗೀತ ತಮ್ಮದಾಗಲು ಮೂವತ್ತಾರು ವರ್ಷ ಹಿಡಿಯಿತು, ಮತ್ತು ಅದನ್ನು ಪಡೆಯಲು ಅವರು ಕೋರ್ಟಿಗೆ ಹೋದದ್ದು ಇಬ್ಬರಾಗಿ.